ಒಂದು ಬೆರಳು ಆಚೆ

ಕಾಟಲಿಂಗಪ್ಪ ತೆಂಗಿನಗರಿಯ ಕಡ್ಡಿಯನ್ನು ಅಣ್ಣನ ಹಿಮ್ಮಡಿಗೆ ಆನಿಸಿ, ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿಯಲು ನೋಡಿದ. ಕಡ್ಡಿ ಮತ್ತೆ ಜಾರಿತು.

"ಕಾಲು ನೆಟ್ಟಗೆ ಹಿಡ್ಕಳವ್ವ ದಿವ್ಯಾ. ಅಳತೆ ಹೆಚ್ಚುಕಮ್ಮಿ ಆದ್ರೆ ಐನೋರು ಸುಮ್ನಿರಲ್ಲ."

ದಿವ್ಯಾ ಅಪ್ಪನ ಪಾದವನ್ನು ಎರಡೂ ಕೈಯಲ್ಲಿ ಹಿಡಿದಳು. ಹೊಳಲ್ಕೆರೆಯ ಆಸ್ಪತ್ರೆಯಲ್ಲಿ ನರ್ಸಾಗಿ ತಣ್ಣನೆಯ ಕಾಲುಗಳನ್ನು ಮುಟ್ಟಿ ರೂಢಿಯಿದ್ದವಳು. ಆದರೂ ಈ ಕಾಲಿನ ಕಡೆ ನೋಡದೆ ಮುಖ ತಿರುಗಿಸಿಕೊಂಡಳು. ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಅಳುವುದಕ್ಕೂ ಶಕ್ತಿ ಬೇಕು, ಅದು ಬೆಳಗಾಗುವಷ್ಟರಲ್ಲಿ ತೀರಿಹೋಗಿತ್ತು.

ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಏಕಾಂತಪ್ಪ ಮೇಷ್ಟ್ರ ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ಮಾಡದಕೆರೆಯ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿದ್ದು ಅಲ್ಲೇ ನಿವೃತ್ತರಾದವರು. ಅವರ ಜನರಲ್ಲಿ ಸತ್ತವರನ್ನು ಹೀಗೆ ಕೂರಿಸಿಯೇ ಹೂಳುವುದು. ಗುಂಡಿಗೆ ಟೇಪು ಹಿಡಿಯುವುದಿಲ್ಲ. ಸತ್ತವರ ಪಾದದುದ್ದಕ್ಕೆ ಒಂದು ಕಡ್ಡಿ ಮುರಿದುಕೊಂಡು, ಆ ಕಡ್ಡಿಯಲ್ಲೇ ಒಂಬತ್ತು ಪಾದ ಅಳೆದು ಗೆರೆ ಎಳೆಯುತ್ತಾರೆ. ದೊಡ್ಡ ಮನುಷ್ಯನಾದರೂ ಅಷ್ಟೇ, ಸಣ್ಣವನಾದರೂ ಅಷ್ಟೇ, ಅವರವರ ಕಾಲಿನ ಅಳತೆ ಅವರವರಿಗೆ.

ಕಡ್ಡಿ ಕೊನೆಗೂ ಟಕ್ಕೆಂದು ಮುರಿಯಿತು. ಕಾಟಲಿಂಗಪ್ಪ ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದ.

"ಜೆಸಿಬಿಗೆ ಹೇಳೀನಿ. ಹೊಸದುರ್ಗ ಬಿಟ್ಟೈತಂತೆ. ಆ ಗೊರಸಲು ಕಲ್ಲುನೆಲಕ್ಕೆ ಗುದ್ದಲಿ ಹಾಕೋರು ಈಗ ಯಾರವ್ರೆ? ಇದ್ರೂ ನಮ್ಮನೆಗೆ ಯಾರು ಬರ್ತಾರೆ?"

"ಯಾರೂ ಬರಲ್ಲ ಬಿಡಪ್ಪ," ಎಂದಳು ಬಾಗಿಲಲ್ಲಿ ಕೂತಿದ್ದ ಚಂದ್ರಕ್ಕ. ಆಕೆ ಮೇಷ್ಟ್ರ ತಂಗಿ, ಅಳುವಾಗಲೂ ಲೆಕ್ಕ ತಪ್ಪದ ಹೆಂಗಸು. "ಊರಿನ ಮಕ್ಕಳನ್ನೆಲ್ಲ ಬಿಸಿಲಾಗೆ ಓಡಿಸಿ ಓಡಿಸಿ ತಾನೇ ಒಣಗಿದ. ಈಗ ನೋಡು, ಹೊರೋ ಹೆಗಲು ಹುಡುಕ್ಬೇಕು."

ಅದು ಪೂರ್ತಿ ನಿಜವಲ್ಲ. ಶಾಮಿಯಾನದ ಕೆಳಗೆ ಜನ ಇದ್ದರು. ಆದರೆ ಬಂದವರು ಬರಲೇಬೇಕಲ್ಲ ಎಂದು ಬಂದವರು, ಕುರ್ಚಿಯ ತುದಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದರು. ಮೇಷ್ಟ್ರ ಕೈಯಲ್ಲಿ ಆಡಿ ಬೆಳೆದವರು ಕಡಿಮೆ. ಮುಖ್ಯವಾಗಿ ಬರಬೇಕಾದವನೇ ಬಂದಿರಲಿಲ್ಲ.

ಅವನು ಬಾಲರಾಜು. ಕಿಡ್ನಿ ಕೈಕೊಟ್ಟು ಹಾಸಿಗೆ ಹಿಡಿದ ಮೇಲೆ ಮೇಷ್ಟ್ರು ಮಗಳನ್ನು ಕೇಳಿದ್ದು ಒಂದನ್ನೇ. "ನಾನು ಹೋದಾಗ ಬಾಲರಾಜು ಬಂದು ಒಂದು ಹಿಡಿ ಮಣ್ಣು ಹಾಕ್ಲಿ ಕಣವ್ವ. ಬೈಕಂಡೇ ಹಾಕ್ಲಿ, ನಂಗೇನೂ ಬೇಜಾರಿಲ್ಲ." ಕರೆಸ್ತೀನಿ ಬಿಡಪ್ಪ ಎಂದು ದಿವ್ಯಾ ಮಾತು ಕೊಟ್ಟಿದ್ದಳು. ಎಷ್ಟು ಸಲ ಫೋನು ಮಾಡಿದರೂ ಅವನು ಎತ್ತಲಿಲ್ಲ. ಇವತ್ತು ಬೆಳಿಗ್ಗೆ, ಅಪ್ಪ ಹೋದರು, ಮಧ್ಯಾಹ್ನ ಮಣ್ಣು, ಎಂದು ಮೆಸೇಜು ಹಾಕಿದಳು. ಅವನು ಓದಿದ ಗುರುತಿಗೆ ನೀಲಿ ಟಿಕ್ಕು ಬಿತ್ತು. ಉತ್ತರ ಬರಲಿಲ್ಲ. ಕೊಟ್ಟ ಮಾತು ಇವತ್ತು ಸಂಜೆಯೊಳಗೆ ಉಳಿಯಬೇಕು, ಇಲ್ಲವೇ ಮಣ್ಣಾಗಬೇಕು.

ಹೊಸದುರ್ಗದ ಟೈಲರ್ ಹಜರತ್ ಅಲಿ ಬಸ್ಸಿಳಿದು, ಮಂಡಿ ಹಿಡಿದುಕೊಂಡು ಬಂದರು. ಮೇಷ್ಟ್ರ ಹಳೆಯ ಗೆಳೆಯ. ಶಾಲೆಯ ಚಡ್ಡಿ ಬನಿಯನ್ನುಗಳಿಂದ ಹಿಡಿದು ಆಟದ ಬಾವುಟದವರೆಗೆ ಎಲ್ಲ ಹೊಲಿದುಕೊಟ್ಟವರು.

"ಬರ್ರಿ ಸಾಬ್ರೆ, ಕುಂತ್ಕಳ್ರಿ," ಎಂದ ಕಾಟಲಿಂಗಪ್ಪ.

"ಕುಂತ್ರೆ ಏಳಾಕಾಗಲ್ಲಪ್ಪ." ಅವರು ಗೆಳೆಯನ ಮುಖವನ್ನು ಬಹಳ ಹೊತ್ತು ನೋಡಿದರು. "ಏನ್ ಮೇಷ್ಟ್ರೆ, ನನ್ನ ಬಿಟ್ಟು ಮುಂದಕ್ಕೆ ಹೊಂಟ್ರಾ? ಆಗ್ಲಿ. ನೀವು ಯಾವಾಗ ನನ್ ಮಾತು ಕೇಳಿದ್ರಿ?"

ಶಾಲೆಯಲ್ಲಿ ಗುಮಾಸ್ತರಾಗಿದ್ದ ಗೋವಿಂದಯ್ಯ ಕುರ್ಚಿಯಿಂದಲೇ ಬಾಯಿ ಹಾಕಿದರು. "ಸಾಬ್ರೆ, ನೀವು ಆ ಕೆಂಪು ಬಾವುಟ ಒಂದು ಹೊಲೀದೆ ಇದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ನೋಡ್ರಿ."

"ಅದು ನಾನು ಹೊಲಿದಿದ್ದಲ್ಲ ಗೋವಿಂದಯ್ನೋರೆ. ಬೆಂಗ್ಳೂರಾಗೆ ಅವ್ರೇ ಕೊಟ್ಟಿದ್ದು. ಎಷ್ಟ್ ಸಲ ಹೇಳ್ಬೇಕು ನಿಮಗೆ?"

"ಬಟ್ಟೆ ಯಾರದ್ದಾದ್ರೇನ್ರಿ, ಎತ್ತಿದ ಕೈ ನಮ್ಮೂರಿಂದೇ ಅಲ್ವಾ?"

ಯಾರೂ ನಗಲಿಲ್ಲ. ಅರೆದು ಅರೆದು ರುಚಿ ಹೋದ ಮಾತದು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಸೊಸೈಟಿಯ ಸಾಲಿನಲ್ಲಿ ದಿವ್ಯಾ ಇದಕ್ಕೆ ಉತ್ತರ ಕೊಟ್ಟಿದ್ದಳು. ಕೂಗಾಡಿದ್ದೂ ಉಂಟು. ಸತ್ತ ಮನೆಯಲ್ಲೂ ಇದನ್ನೇ ಕೇಳಬೇಕಲ್ಲ ಎಂದುಕೊಂಡಳು. ಇವತ್ತು ಅಪ್ಪನ ಕೊರಳಿನ ಹಾರವನ್ನು ನೆಟ್ಟಗೆ ಮಾಡತೊಡಗಿದಳು.

* * *

ಆಗ ಹೈಸ್ಕೂಲಿನ ಮೈದಾನದ ಮೂಲೆಯಲ್ಲಿ ಉದ್ದ ಜಿಗಿತದ ಗುಂಡಿ ಇತ್ತು. ವೇದಾವತಿಯ ಮರಳು ತಂದು ತುಂಬಿದ್ದರು. ಅಳೆಯಲು ಟೇಪೂ ಇತ್ತು. ಆದರೆ ಟೇಪು ಹೆಡ್ಮಾಸ್ಟರ ಬೀರುವಿನಲ್ಲಿ, ಬೀರುವಿನ ಕೀಲಿ ಹೆಡ್ಮಾಸ್ಟರ ಜೇಬಿನಲ್ಲಿ, ಹೆಡ್ಮಾಸ್ಟರು ಮೀಟಿಂಗಿಗೆಂದು ಚಿತ್ರದುರ್ಗದಲ್ಲಿ. ಹಾಗಾಗಿ ಏಕಾಂತಪ್ಪ ಚಪ್ಪಲಿ ಬಿಟ್ಟು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ, ಪಾದಕ್ಕೆ ಪಾದ ಇಟ್ಟು ನಡೆದು ಹುಡುಗರು ಜಿಗಿದ ದೂರ ಅಳೆಯುತ್ತಿದ್ದರು.

ಬಾಲರಾಜು ಸಿಕ್ಕಿದ್ದು ಕಾಂಪೌಂಡಿನ ಹತ್ತಿರ. ತಡವಾಗಿ ಬಂದವನು ಗೇಟು ಮುಚ್ಚಿದೆಯೆಂದು ದೂರದಿಂದ ಓಡಿ ಬಂದು ಗೋಡೆ ಹಾರಿದ್ದ. ಮೇಷ್ಟ್ರು ಬೆತ್ತ ಹಿಡಿದು ಹೋದರು. ಹುಡುಗನ ಕಾಲು ಗೋಡೆಯಿಂದ ಎಷ್ಟು ದೂರ ಬಿದ್ದಿದೆ ಎಂದು ನೋಡಿದವರು ಬೆತ್ತವನ್ನು ಅಲ್ಲೇ ಬಿಟ್ಟರು.

"ಎಲ್ಲಿ, ಇನ್ನೊಂದ್ ಸಲ ಹಾರಲೇ."

"ಸಾ, ತಪ್ಪಾಯ್ತು ಸಾ."

"ತಪ್ಪು ಆಮೇಲೆ ಒಪ್ಕಂತಿಯಂತೆ. ಮೊದ್ಲು ಹಾರು."

ಅವತ್ತಿನಿಂದ ಅವನು ಮೇಷ್ಟ್ರ ನೆರಳಾದ. ಅವರ ಮನೆಯಲ್ಲೇ ಮುದ್ದೆ ಉಂಡ, ದಿವ್ಯಾಳಿಗೆ ಬಾಲಣ್ಣನಾದ. ಜಿಗಿಯುವ ಹಲಗೆಯ ಆಚೆ ಅಂಚಿಗೆ ಮೇಷ್ಟ್ರು ಹುತ್ತದ ಮಣ್ಣನ್ನು ಕಲಸಿ ಒಂದು ಪಟ್ಟಿ ಬಳಿಯುತ್ತಿದ್ದರು. ದೊಡ್ಡ ಕೂಟಗಳಲ್ಲಿ ಅಲ್ಲಿ ಮೇಣದಂಥ ಜೇಡಿ ಇಡುತ್ತಾರೆ. ಮಾಡದಕೆರೆಯಲ್ಲಿ ಹುತ್ತವೇ ಗತಿ. ನೀರು ಹೊಯ್ಯುವ ಕೆಲಸ ದಿವ್ಯಾಳದು. ಹಸಿ ಪಟ್ಟಿಯ ಮೇಲೆ ಕಾಲಿನ ಗುರುತು ಬಿತ್ತೋ, ಆ ಜಿಗಿತ ಲೆಕ್ಕಕ್ಕಿಲ್ಲ. ಮೇಷ್ಟ್ರು ಬಗ್ಗಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ಪಟ್ಟಿ ನುಣುಪಾಗಿದ್ದರೆ "ಸರಿ ಐತೆ" ಎಂದು ಬಿಳಿ ಬಾವುಟ. ಇಲ್ಲದಿದ್ದರೆ "ತಪ್ಪು" ಎಂದು ಕೆಂಪು.

"ಸಾ, ಒಂದು ಬೆರಳು ಅಷ್ಟೇ ಸಾ," ಎಂದು ಬಾಲರಾಜು ಗೋಗರೆಯುತ್ತಿದ್ದ.

"ಒಂದು ಬೆರಳು ಅಂದ್ರೆ ಎಷ್ಟಲೇ?"

"ಸ್ವಲ್ಪ ಸಾ."

"ಸ್ವಲ್ಪ ಜಾಸ್ತಿ, ಸ್ವಲ್ಪ ಕಮ್ಮಿ ಅನ್ನೋದೆಲ್ಲ ಸಂತೆನಾಗೆ. ಇಲ್ಲಿ ಸರಿ, ಇಲ್ಲಾಂದ್ರೆ ತಪ್ಪು. ಹೋಗು, ಇನ್ನೊಂದ್ ಸಲ ಓಡಿ ಬಾ."

ಅವನು ಬೈದುಕೊಳ್ಳುತ್ತ ಹೋಗುತ್ತಿದ್ದ. ದಿವ್ಯಾ ಹಸಿ ಮಣ್ಣಿಗೆ ಮತ್ತೆ ನೀರು ಹೊಯ್ಯುತ್ತಿದ್ದಳು.

* * *

ಹೊಲದ ಬದುವಿನ ಮೇಲೆ ಹಳದಿ ಜೆಸಿಬಿ ಕಾಣಿಸಿಕೊಂಡಾಗ ಬಿಸಿಲು ನೆತ್ತಿಗೆ ಬಂದಿತ್ತು. ಮೇಷ್ಟ್ರ ಹೆಂಡತಿಯ ಸಮಾಧಿಯ ಪಕ್ಕದಲ್ಲೇ ಕಾಟಲಿಂಗಪ್ಪ ಕಡ್ಡಿಯಿಂದ ಅಳೆದು, ಸುಣ್ಣದ ಪುಡಿಯಲ್ಲಿ ಬಿಳಿ ಗೆರೆ ಎಳೆದಿದ್ದ. ಜಾಗ ತೋರಿಸಲು ದಿವ್ಯಾಳೂ ಬಂದಿದ್ದಳು. ಮಣ್ಣಿನ ಶಾಸ್ತ್ರ ಮಾಡಿಸುವ ಅಯ್ಯನವರು ಕೊಡೆ ಬಿಚ್ಚಿಕೊಂಡು ನಿಂತಿದ್ದರು. ಮನೆಯಲ್ಲಿ ಕೂತು ಬೇಸತ್ತ ಗೋವಿಂದಯ್ಯ, ಹಜರತ್ ಅಲಿ ಇವರೂ ಹಿಂದೆ ಬಂದಿದ್ದರು.

ಯಂತ್ರ ನಿಂತಿತು. ಒಳಗಿದ್ದವನ ಮುಖ ಕಂಡದ್ದೇ ಕಾಟಲಿಂಗಪ್ಪನ ಕೈಯಲ್ಲಿದ್ದ ಸುಣ್ಣದ ಪೊಟ್ಟಣ ಕೆಳಗೆ ಬಿತ್ತು.

"ಇವ್ನಾ? ಮಿಷನ್ ಕಳಿಸು ಅಂದ್ರೆ ಇವನನ್ನ ಕಳಿಸವ್ನಲ್ಲ ಆ ಓನರ್ರು! ಲೇ ಬಾಲರಾಜು, ಬ್ಯಾಡಪ್ಪ. ನೀನು ಹೋಗು. ನಾನು ಬೇರೆ ಮಿಷನ್ ತರಿಸ್ತೀನಿ."

"ಬೇರೆ ಮಿಷನ್ ಹೊಳಲ್ಕೆರೆ ಕಡೆ ಹೋಗೈತೆ. ಬರೋದ್ರೊಳಗೆ ಹೊತ್ತು ಮುಳುಗ್ತೈತೆ," ಎಂದ ಬಾಲರಾಜು ಕೆಳಗಿಳಿಯದೆ. ಮೈ ಬಂದಿತ್ತು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

ದಿವ್ಯಾ ಮುಂದೆ ಬಂದಳು. "ಬಾಲಣ್ಣ, ಮೆಸೇಜು ನೋಡಿದ್ಯಲ್ಲ? ಬಂದ್ಯಲ್ಲ, ಅಷ್ಟು ಸಾಕು. ಬಾ ಮನೆಗೆ, ಒಂದ್ಸಲ ಅಪ್ಪನ ಮುಖ ನೋಡು."

ಅವನು ಅವಳ ಕಡೆ ನೋಡಲಿಲ್ಲ. "ನಾನು ಮಣ್ಣಿಗೆ ಬಂದಿಲ್ಲಮ್ಮ. ಕೆಲಸಕ್ಕೆ ಬಂದೀನಿ. ಗುಂಡಿ ಎಲ್ಲಿಂದ ಎಲ್ಲಿಗೆ ಅಂತ ಹೇಳ್ರಿ, ತೆಗೆದುಕೊಟ್ಟು ಹೋಗ್ತೀನಿ."

ದಿವ್ಯಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ಹತ್ತಿರ ಬಂದೂ ಇವನು ದೂರವೇ ಉಳಿದನಲ್ಲ. ಅಪ್ಪ ಕೊನೆಯ ವಾರ ಪ್ರತಿ ಸಲ ಬಾಗಿಲ ಸದ್ದಾದಾಗಲೂ ತಲೆ ಎತ್ತುತ್ತಿದ್ದದ್ದು ನೆನಪಾಗಿ ಇವನ ಮೇಲೆ ಸಿಟ್ಟು ಬಂತು. ಸಿಟ್ಟನ್ನೂ ಹೆಚ್ಚು ಹೊತ್ತು ಹಿಡಿದುಕೊಳ್ಳಲು ಆಗದೆ, ಬೇವಿನ ಮರದ ನೆರಳಿಗೆ ಹೋಗಿ ಕೂತಳು.

"ಗೆರೆ ಹಾಕೀನಿ. ಗೆರೆಯೊಳಗೆ ತೆಗಿ," ಎಂದ ಕಾಟಲಿಂಗಪ್ಪ.

ಬಾಲರಾಜು ಸುಣ್ಣದ ಗೆರೆಯನ್ನು ನೋಡಿದ. ಆಮೇಲೆ ಕಾಟಲಿಂಗಪ್ಪನ ಜೇಬಿನಲ್ಲಿದ್ದ ಕಡ್ಡಿಯನ್ನು ನೋಡಿದ.

"ಮೇಷ್ಟ್ರ ಪಾದದ್ದಾ?"

"ಹೂಂ."

ಅವನು ಇನ್ನೇನೂ ಕೇಳದೆ ಯಂತ್ರ ಶುರು ಮಾಡಿದ.

* * *

ಬಾಲರಾಜು ಶಾಲೆ ಬಿಟ್ಟು ಬಹಳ ವರ್ಷಗಳಾದ ಮೇಲೆ ಅಂತರರಾಷ್ಟ್ರೀಯ ಕೂಟವೊಂದು ಬೆಂಗಳೂರಿಗೆ ಬಂದಿತ್ತು. ಪುರುಷರ ಉದ್ದ ಜಿಗಿತದ ಫೈನಲ್ಲಿನಲ್ಲಿ ನಮ್ಮ ದೇಶದಿಂದ ಬಾಲರಾಜು. ಹಲಗೆಯ ಪಕ್ಕ ಕುರ್ಚಿಯಲ್ಲಿ, ಎರಡು ಬಾವುಟ ಹಿಡಿದು ಕೂತ ತೀರ್ಪುಗಾರ ಏಕಾಂತಪ್ಪ. ಅದಕ್ಕಾಗಿ ಅವರು ಪರೀಕ್ಷೆ ಬರೆದು ಪಾಸಾಗಿದ್ದರು. ನನ್ನ ಶಿಷ್ಯ ಜಿಗಿಯುತ್ತಾನೆ, ನನ್ನನ್ನು ಬೇರೆ ಕಡೆ ಹಾಕಿ ಎಂದು ಕೇಳಿಕೊಂಡಿದ್ದರು. ಅವನು ನಿಮ್ಮ ಕೈ ಬಿಟ್ಟು ಎಷ್ಟೋ ವರ್ಷವಾಯಿತು, ಈಗ ಅವನ ಕೋಚೇ ಬೇರೆ, ಕೂರಿ ಎಂದಿದ್ದರು ಮೇಲಿನವರು.

ದಿವ್ಯಾಳೂ ಹಜರತ್ ಅಲಿಯೂ ಗ್ಯಾಲರಿಯಲ್ಲಿದ್ದರು. ಮಾಡದಕೆರೆಯಲ್ಲಿ ಪಂಚಾಯಿತಿ ಮುಂದೆ ಟೀವಿ ಇಟ್ಟು ಊರೇ ಕೂತಿತ್ತು. ಬಾಲರಾಜು ನಾಲ್ಕನೆಯವನಾಗಿದ್ದ. ಪದಕ ಬಂದರೆ ರೈಲ್ವೆಯ ಕೆಲಸ ಖಾತ್ರಿ ಎಂದು ಎಲ್ಲರಿಗೂ ಗೊತ್ತಿತ್ತು. ಉಳಿದದ್ದು ಕೊನೆಯ ಜಿಗಿತ ಒಂದೇ.

ಅವನು ತಲೆಯ ಮೇಲೆ ಕೈ ಎತ್ತಿ ಚಪ್ಪಾಳೆ ಬಡಿದ. ಇಡೀ ಕ್ರೀಡಾಂಗಣ ಅವನ ಜೊತೆ ಬಡಿಯಿತು. ಓಡಿ ಬಂದ, ಹಲಗೆ ಒದ್ದ, ಎದ್ದ. ಎರಡನೆಯ ಸ್ಥಾನದವನ ಗುರುತಿಗಿಂತ ಆಚೆ ಮರಳು ಚಿಮ್ಮಿತು. ಜನ ಕುರ್ಚಿ ಬಿಟ್ಟು ಎದ್ದು ಕುಣಿದರು. ಬಾಲರಾಜು ಮರಳಲ್ಲೇ ಮಂಡಿಯೂರಿ ಮುಷ್ಟಿ ಬಿಗಿಹಿಡಿದ.

ಏಕಾಂತಪ್ಪ ಬಗ್ಗಿದರು. ಮಾಡದಕೆರೆಯ ಮೈದಾನದಲ್ಲಿ ಬಗ್ಗುತ್ತಿದ್ದ ಹಾಗೆಯೇ, ಕೆನ್ನೆ ನೆಲಕ್ಕೆ ತಾಗುವಷ್ಟು.

"ಬಿಳೀದು ಎತ್ರಿ ಮೇಷ್ಟ್ರೆ, ಬಿಳೀದು, ಬಿಳೀದು," ಎಂದು ಹಜರತ್ ಅಲಿ ಗ್ಯಾಲರಿಯಲ್ಲಿ ಗೊಣಗುತ್ತಿದ್ದರು.

ಮೇಷ್ಟ್ರು ಎದ್ದು ನಿಂತರು. ಕೆಂಪು ಬಾವುಟ ಮೇಲಕ್ಕೆ ಹೋಯಿತು.

ಬಾಲರಾಜು ಓಡಿ ಬಂದ. ಏನೋ ಹೇಳಿದ. ಮೇಷ್ಟ್ರು ಜೇಡಿಪಟ್ಟಿಯನ್ನು ತೋರಿಸಿದರು. ಹಿರಿಯ ಅಧಿಕಾರಿಯೂ ಬಂದು ನೋಡಿ ಮೇಷ್ಟ್ರದೇ ಸರಿಯೆಂದು ತಲೆಯಾಡಿಸಿದರು. ಅಷ್ಟೇ, ಮುಗಿಯಿತು. ಊರಿನ ಟೀವಿಯಲ್ಲಿ ಏಕಾಂತಪ್ಪ ಕಾಣಿಸಿಕೊಂಡದ್ದು ಅದೊಂದೇ ಸಲ, ಅದೂ ಕೆಂಪು ಬಾವುಟ ಹಿಡಿದು.

ಪದಕ ಬರಲಿಲ್ಲ, ರೈಲ್ವೆ ಕರೆಯಲಿಲ್ಲ, ಮುಂದಿನ ವರ್ಷ ಮಂಡಿ ಹೋಯಿತು. ಕೂಟ ಮುಗಿಸಿ ಊರಿಗೆ ಬಂದ ದಿನ ಬಾಲರಾಜು ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಜನ ಸುತ್ತುವರಿದಾಗ ಹೇಳಿದ, "ನನ್ನ ಕಾಲು ದಾಟಿರ್ಲಿಲ್ಲ. ನಮ್ಮ ಮೇಷ್ಟ್ರೇ ನನ್ನ ಮುಗಿಸಿದ್ರು." ಆ ಮಾತು ಅವನಿಗಿಂತ ಮುಂಚೆ ಮಾಡದಕೆರೆ ಮುಟ್ಟಿತು. ಹೊಟ್ಟೆಕಿಚ್ಚು ಎಂದರು. ಶಿಷ್ಯ ಬೇರೆ ಕೋಚಿನ ಕೈಗೆ ಹೋದದ್ದಕ್ಕೆ ಸೇಡು ಎಂದರು. ಏನೂ ಅನ್ನದವರು ಮೇಷ್ಟ್ರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋದರು. ಮೇಷ್ಟ್ರು ಒಂದು ಮಾತೂ ಆಡಲಿಲ್ಲ.

ಅವತ್ತು ಅವನು ಓಡಿ ಬಂದು ಏನಂದ ಎಂದು ದಿವ್ಯಾ ಹಲವು ಸಲ ಕೇಳಿದ್ದಳು. ಸಾಯುವುದಕ್ಕೆ ಸ್ವಲ್ಪ ದಿನ ಮುಂಚೆ ಅಪ್ಪ ಬಾಯಿ ಬಿಟ್ಟರು. "'ಸಾ, ಒಂದು ಬೆರಳು ಅಷ್ಟೇ ಸಾ' ಅಂದ ಕಣವ್ವ."

"ಮತ್ತೆ ಇದನ್ನ ಯಾಕಪ್ಪ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ಆ ಹುಡುಗನ ಮಾತು ಸುಳ್ಳಾಗ್ತಿತ್ತಲ್ಲವ್ವ. ಅವನ ಹತ್ರ ಇನ್ನೇನಿತ್ತು?"

* * *

ಬಾಲರಾಜು ಕೆಲಸ ಬಲ್ಲವನು. ಗೊರಸಲು ಮಣ್ಣು ಪದರ ಪದರವಾಗಿ ಮೇಲೆ ಬಂತು. ಕಾಟಲಿಂಗಪ್ಪ ಒಳಗಿಳಿದು, ದೇಹ ಕೂರಿಸುವ ಗೂಡನ್ನು ಸಲಿಕೆಯಿಂದ ಕೆತ್ತಿ ಮೇಲೆ ಬಂದ. ಇನ್ನು ಒಂದು ಬಕೆಟ್ಟು ಎಳೆದರೆ ಆಯಿತು. ಅದನ್ನು ಎಳೆಯುವಾಗ ಬಕೆಟ್ಟಿನ ಹಲ್ಲು ಈ ಬದಿಯ ಸುಣ್ಣದ ಗೆರೆಯನ್ನು ತಿಂದುಕೊಂಡು ಬಂತು.

ಯಂತ್ರ ನಿಂತಿತು.

"ಯಾಕಪ್ಪ, ಡೀಸೆಲ್ ಮುಗೀತಾ?" ಎಂದರು ಗೋವಿಂದಯ್ಯ.

ಬಾಲರಾಜು ಇಳಿದು, ಕಾಲು ಎಳೆದು ಹಾಕುತ್ತ ಬಂದ. "ಗೆರೆ ದಾಟೈತೆ."

"ಎಲ್ಲಿ?" ಕಾಟಲಿಂಗಪ್ಪ ಬಗ್ಗಿ ನೋಡಿದ. "ಅಯ್ಯೋ, ಇದಾ? ಒಂದು ಬೆರಳು. ಮುಚ್ಚೋ ಗುಂಡೀನ ಯಾರು ಬಂದು ನೋಡ್ತಾರೋ? ಬಿಡು, ಹೊತ್ತಾಯ್ತು."

ಅಯ್ಯನವರೂ ಕೊಡೆಯ ಕೆಳಗಿನಿಂದ ಅಪ್ಪಣೆ ಕೊಟ್ಟರು. "ಅಡ್ಡಿಯಿಲ್ಲ ಬಿಡಪ್ಪ. ಶಿವನಿಗೆ ಒಂದು ಬೆರಳು ಯಾವ ಲೆಕ್ಕ?"

"ಶಿವನಿಗೆ ನಡೀತೈತೆ ಸ್ವಾಮಿ. ಮೇಷ್ಟ್ರಿಗೆ ನಡೆಯಲ್ಲ."

ಅವನು ಹೆಗಲ ಮೇಲಿನ ಟವೆಲ್ಲು ತೆಗೆದುಕೊಂಡು ಬದುವಿನ ಕಡೆ ನಡೆದ. ಅಲ್ಲಿ ಕುಸಿದುಬಿದ್ದ ಹಳೆಯ ಹುತ್ತವೊಂದಿತ್ತು. ಕೈಯಿಂದಲೇ ಕೆದರಿ, ಟವೆಲ್ಲು ತುಂಬ ಮಣ್ಣು ಕಟ್ಟಿಕೊಂಡು ಬಂದು, ಗುಂಡಿಯ ಅಂಚಿನಲ್ಲಿ ಕಷ್ಟಪಟ್ಟು ಮಂಡಿಯೂರಿದ.

ದಿವ್ಯಾ ಎದ್ದಳು. ಪೂಜೆಗೆಂದು ತಂದಿಟ್ಟಿದ್ದ ಕೊಡದಿಂದ ಚೊಂಬು ತುಂಬಿಕೊಂಡು ಬಂದು ಅವನ ಎದುರು ಕೂತಳು. ಅವಳು ನೀರು ಹೊಯ್ದಳು, ಅವನು ಕಲಸಿದ. ಸುಣ್ಣದ ಗೆರೆ ಹೋದ ಜಾಗಕ್ಕೆ ಕಡ್ಡಿ ಇಟ್ಟು ಅಳೆದು, ಅಲ್ಲಿಯವರೆಗೆ ಹಸಿ ಮಣ್ಣು ತುಂಬಿ ಅಂಗೈಯಿಂದ ಬಳಿಯತೊಡಗಿದ.

"ಅವತ್ತೂ ಇಷ್ಟೇ ದಾಟಿದ್ದು," ಎಂದ ತಲೆ ಎತ್ತದೆ.

"ಏನಂದೆ?" ಗೋವಿಂದಯ್ಯ ಹತ್ತಿರ ಬಂದರು.

"ಬೆಂಗ್ಳೂರಾಗೆ. ಇಷ್ಟೇ ದಾಟಿದ್ದು. ಹಲಗೆ ಒದ್ದಾಗ್ಲೇ ನನ್ನ ಕಾಲಿಗೆ ಗೊತ್ತಾಗಿತ್ತು."

ಗೋವಿಂದಯ್ಯ ಒಂದು ಹೆಜ್ಜೆ ಹಿಂದೆ ಸರಿದರು. ಇಷ್ಟು ವರ್ಷ ಆಡಿಕೊಂಡು ಬಂದ ಮಾತನ್ನು ಈಗ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ಇದನ್ನ ಹೇಳಾಕೆ ಅವ್ರು ಸಾಯ್ಬೇಕಾಯ್ತೇನಪ್ಪ?" ಎಂದರು ಹಜರತ್ ಅಲಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಹೇಳಿದ್ರೆ ನನ್ನ ಹತ್ರ ಏನ್ ಉಳೀತಿತ್ತು ಸಾಬ್ರೆ? ಮೆಡಲ್ ಇಲ್ಲ, ಕೆಲ್ಸ ಇಲ್ಲ, ಮಂಡೀನೂ ಇಲ್ಲ. ಮೋಸ ಆಯ್ತು ಅನ್ನೋ ಮಾತೊಂದೇ ಇತ್ತು. ಅದನ್ನೂ ಬಿಟ್ರೆ ಹೆಂಗೆ ಬದುಕ್ಲಿ? ಮೊದ್ಲು ನಾಲಿಗೆ ಬರ್ಲಿಲ್ಲ. ಆಮೇಲೆ ಮುಖ ಬರ್ಲಿಲ್ಲ. ದಿವ್ಯಮ್ಮ ಫೋನ್ ಮಾಡಿದಾಗೆಲ್ಲ ಕೈಯಾಗೆ ಹಿಡ್ಕಂಡೇ ಕುಂತಿರ್ತಿದ್ದೆ. ಇವತ್ತು ಓನರ್ರು ಬೇರೆ ಡ್ರೈವರ್ ಕಳಿಸ್ತೀನಿ ಅಂದ್ರು. ನಾನೇ ಹೋಗ್ತೀನಿ ಅಂತ ಬಂದೆ."

ದಿವ್ಯಾಳಿಗೆ ಅವನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಒಂದು ಸಲ ಫೋನು ಎತ್ತಿದ್ದರೆ ಅಪ್ಪ ಎಷ್ಟು ಹಗುರಾಗಿ ಹೋಗುತ್ತಿದ್ದರು! ಆದರೆ ಎದುರಿಗೆ ಕೂತವನ ಕೈ ನೋಡಿದಳು. ಅದು ಹಸಿ ಮಣ್ಣನ್ನು ಅಪ್ಪನ ಹಾಗೆಯೇ ಒಂದೇ ಕಡೆಗೆ ಎಳೆದು ನುಣುಪು ಮಾಡುತ್ತಿತ್ತು.

"ಅಪ್ಪಂಗೆ ನಿನ್ನ ಮೇಲೆ ಸಿಟ್ಟಿರ್ಲಿಲ್ಲ ಬಾಲಣ್ಣ. ಅವತ್ತು ನೀನು 'ಸಾ, ಒಂದು ಬೆರಳು' ಅಂದಿದ್ದು ನಂಗೆ ಹೇಳಿದ್ರು."

ಅವನ ಕೈ ನಿಂತಿತು. "ಊರಿಗೆ ಯಾಕೆ ಹೇಳ್ಲಿಲ್ಲ?"

"ನಿನ್ನ ಮಾತು ಸುಳ್ಳಾಗ್ತೈತೆ ಅಂತ."

ಬಾಲರಾಜು ಮತ್ತೆ ಪಟ್ಟಿಯ ಮೇಲೆ ಬಗ್ಗಿದ. ಮೂಗಿನ ತುದಿಯಿಂದ ಒಂದು ಹನಿ ಹಸಿ ಪಟ್ಟಿಯ ಮೇಲೆ ಬಿತ್ತು. ಅದನ್ನೂ ಬೆರಳಿನಿಂದ ಒರೆಸಿ ಸಮ ಮಾಡಿದ.

ಹೂವು ಕಟ್ಟಿ ಸಿಂಗರಿಸಿದ, ಹೆಗಲ ಮೇಲೆ ಹೊರುವ ವಿಮಾನದಲ್ಲಿ ಕೂತು ಮೇಷ್ಟ್ರು ಬಂದಾಗ ಬಿಸಿಲು ಸ್ವಲ್ಪ ಇಳಿದಿತ್ತು. ಭಜನೆಯವರೂ ದಣಿದಿದ್ದರು, ತಾಳಕ್ಕೂ ಹಾಡಿಗೂ ಹೊಂದಾಣಿಕೆ ಇರಲಿಲ್ಲ. ಹೊತ್ತು ತಂದವರು ದೇಹವನ್ನು ಗೂಡಿನೊಳಗೆ ಕೂರಿಸಿದರು. ಅಯ್ಯನವರು ವಿಭೂತಿ, ಬಿಲ್ವಪತ್ರೆ, ಉಪ್ಪು ಹಾಕಿಸಿ ಮಂತ್ರ ಹೇಳಿದರು. ಬಾಲರಾಜು ಯಂತ್ರಕ್ಕೆ ಒರಗಿ ದೂರ ನಿಂತಿದ್ದ.

ಕಾಟಲಿಂಗಪ್ಪ ಮೊದಲು ಮಣ್ಣು ಹಾಕಿದ, ಆಮೇಲೆ ದಿವ್ಯಾ, ಆಮೇಲೆ ಚಂದ್ರಕ್ಕ. ದಿವ್ಯಾ ತಿರುಗಿ ಯಂತ್ರದ ಕಡೆ ನೋಡಿದಳು. ಕರೆಯಲಿಲ್ಲ. ಕರೆದು ಕರೆದು ಅವಳ ಪಾಲಿನದು ಮುಗಿದಿತ್ತು.

ಬಾಲರಾಜು ಚಪ್ಪಲಿ ಬಿಟ್ಟು ಬಂದ. ಹಸಿ ಪಟ್ಟಿಯ ಹಿಂದೆ ನಿಂತು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಕೈ ಬಿಚ್ಚಿದ, ಮಣ್ಣು ಮೇಷ್ಟ್ರ ಪಾದದ ಹತ್ತಿರ ಬಿತ್ತು. ದಿವ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬೆಳಗಿನಿಂದ ಬಾರದಿದ್ದ ಅಳುವನ್ನು ಅತ್ತಳು.

ಉಳಿದವರು ಮಣ್ಣು ಹಾಕಲು ನುಗ್ಗಿದರು. ಬಾಲರಾಜು ಅವರ ಮುಂದೆ ಕೈ ಅಡ್ಡ ಹಿಡಿದ. "ಹಸಿ ಐತೆ. ತುಳೀಬ್ಯಾಡ್ರಿ. ಗೆರೆ ಹಿಂದೆ ನಿಂತ್ಕಂಡು ಹಾಕ್ರಿ." ಗೋವಿಂದಯ್ಯನವರು ಕೂಡ ಪಂಚೆ ಎತ್ತಿ ಹಿಡಿದು, ಪಟ್ಟಿಯ ಹಿಂದೆ ಎರಡೂ ಕಾಲು ಜೋಡಿಸಿಕೊಂಡು ನಿಂತು ಮಣ್ಣು ಹಾಕಿದರು. ಹಜರತ್ ಅಲಿ ಮಂಡಿ ಹಿಡಿದುಕೊಂಡು ಬಂದಾಗ ಅವನೇ ಅವರ ರಟ್ಟೆ ಹಿಡಿದು ನಿಲ್ಲಿಸಿದ.

"ಇನ್ನು ಮಿಷನ್ನಾಗೇ ಎಳೆದುಬಿಡು, ಬೇಗ ಆಗ್ತೈತೆ," ಎಂದ ಕಾಟಲಿಂಗಪ್ಪ.

"ಬ್ಯಾಡ. ಸಲಿಕೆ ಕೊಡ್ರಿ."

ಸಲಿಕೆ ಹಿಡಿಯುವ ಮೊದಲು ಬಾಲರಾಜು ಗುಂಡಿಯ ಅಂಚಿನಲ್ಲಿ ಮತ್ತೊಮ್ಮೆ ಮಂಡಿಯೂರಿದ. ನೆಲಕ್ಕೆ ಕೈಯೂರಿ, ಕೆನ್ನೆ ಮಣ್ಣಿಗೆ ತಾಗುವಷ್ಟು ಬಗ್ಗಿ, ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಜನ ಕಾದರು. ಅವನು ಎದ್ದು ಕೈ ಒರೆಸಿಕೊಂಡ.

"ಸರಿ ಐತೆ ಮೇಷ್ಟ್ರೆ," ಎಂದ.

ಬಾಲರಾಜುವೂ ಉಳಿದವರೂ ಸಲಿಕೆ ಹಿಡಿದು ಎದುರು ಬದಿಯಿಂದ ಮಣ್ಣು ಎಳೆಯತೊಡಗಿದರು. ಗುಂಡಿ ನಿಧಾನವಾಗಿ ತುಂಬುತ್ತ ಬಂತು. ಈ ಬದಿಯ ಹುತ್ತದ ಮಣ್ಣಿನ ಪಟ್ಟಿ ಮಾತ್ರ ಕೊನೆಯವರೆಗೂ ಉಳಿದಿತ್ತು. ಅದು ಇನ್ನೂ ಹಸಿಯಾಗಿತ್ತು, ಅದರ ಮೇಲೆ ಯಾರ ಹೆಜ್ಜೆಯ ಗುರುತೂ ಇರಲಿಲ್ಲ.